ಸಮಸ್ಯೆ: "ಹುಳುವೊಂದು ಕಡಲಾಮೆಗಕ್ಕನಾಯ್ತು"

ಮಾತ್ರೆಲೆಕ್ಕ: ಈ ವಾರದ ಪದ್ಯದ ಕೊನೆಯ ಸಾಲು ಮೇಲಿದೆ, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಬರೆಯಬೇಕು. ಚೌಪದಿ, ಐದು ಮಾತ್ರೆಯ ಗಣ. 'ಳ' ಪ್ರಾಸ ತಪ್ಪಿಸಬೇಡಿ. ಇಲ್ಲಿ ಹುಳು ಅಂದ್ರೆ ಅರಗಿನ ಹುಳು, ಗಿಡಕ್ಕೆ ಅಂಟಿ ರಸ ಹೀರುವ ಶಲ್ಕ ಕೀಟಗಳ (scale insects) ಬಳಗದ್ದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು ಇದರದ್ದೇ. ಹುಟ್ಟಿದಾಗ ಸಾಸಿವೆಗಿಂತ ಸಣ್ಣದು. 40 ಕಿಲೋ ತೂಗುವ ಆಮೆಗೆ ಇದು ಅಕ್ಕ ಹೇಗಾಯ್ತು? ಬಿಡಿಸಿ.

ಟೊಂಕದವಳು: ಕಡಲಾಮೆ ಮೊಟ್ಟೆಯಿಡಲು ಬರುವ ಟೊಂಕ ಕಡಲತೀರದ ಹೊನ್ನಾವರದವಳಾಗಿ ಆಮೆಯ ಮಾತು ಬಂದಾಗ ಸುಮ್ನೆ ಕೂರಲಾದೀತೇ?

ಎಳೆಮರಿಗಳೆರಡಕೂ ಹುಟ್ಟಿದಂದೇ ನಡಿಗೆ
ಮಳಲಿನಲಿ ಅದಕೆ, ಕೊಂಬೆಯಲಿ ಇದಕೆ
ಒಳಗಡಗಿ ಕಾಲ್ಮರೆತು ಮೊದಲೆ ತಾಯಾಗಿರಲು
ಹುಳುವೊಂದು ಕಡಲಾಮೆಗಕ್ಕನಾಯ್ತು

ಮೊಟ್ಟೆಯೊಡೆದ ಆಮೆಮರಿ ನೀರಿನತ್ತ ಓಡುತ್ತದೆ. ಅರಗಿನ ಮರಿಯೂ ಎಳೆಯ ಕೊಂಬೆ ಹುಡುಕಿ ತೆವಳುತ್ತದೆ. ಸೊಂಡಿಲು ಚುಚ್ಚಿ ಕೂತರೆ ಮುಗೀತು. ಹೆಣ್ಣಿಗೆ ಕಾಲೇ ಹೋಗುತ್ತದೆ.

ಮಾತ್ರೆಲೆಕ್ಕ: 'ಮೊದಲೆ ತಾಯಾಗಿ' ಅಂದಿರಲ್ಲ, ಗಂಟು ಬಿಚ್ಚಿದ್ದು ಅಲ್ಲೇ! ಅರಗಿನ ಹುಳುವಿಗೆ ವರ್ಷಕ್ಕೆ ಎರಡು ತಲೆಮಾರು. ಆಮೆ ತಾಯಾಗಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು.

ಬಳೆಯಂಗಡಿ: ನನ್ನದೂ ಒಂದಿರಲಿ.

ಬಳೆಗೆಂದು ಅರಗಿನಾ ಮನೆಯ ಕೆರೆದರು ಜನರು
ಮಳಲ ತೋಡಿದರು ಮೊಟ್ಟೆಗಳ ಹುಡುಕಿ
ಅಳುವೊಂದೆ ಇಬ್ಬರದು, ಮೊದಲತ್ತ ದನಿ ಸಣ್ಣ
ಹುಳುವೊಂದು ಕಡಲಾಮೆಗಕ್ಕನಾಯ್ತು

ಟೊಂಕದವಳು: ಮೊದಲೆರಡು ಸಾಲು ನನ್ನದಕ್ಕಿಂತ ಚೆನ್ನಾಗಿವೆ, ಹೊಟ್ಟೆಕಿಚ್ಚಾಗುತ್ತಿದೆ. ಆದ್ರೆ ಮೊದಲು ಅತ್ತರೆ ಅಕ್ಕ ಆಗಿಬಿಡುತ್ತಾಳಾ? ನಮ್ಮ ಮನೆಯಲ್ಲಿ ಮೊದಲು ಅಳುವವಳು ತಂಗಿಯೇ.

ಬಳೆಯಂಗಡಿ: ಸೋತೆ ಅಕ್ಕಾ. ಆದ್ರೂ ಕೆರೆದದ್ದು ಸುಳ್ಳಲ್ಲ. ಒಂದು ಕಿಲೋ ಅರಗಿಗೆ ಲಕ್ಷಗಟ್ಟಲೆ ಹುಳು ಬೇಕು. 'ಲಾಕ್ಷಾ' ಅನ್ನುವ ಹೆಸರು ಆ ಲಕ್ಷದಿಂದಲೇ ಬಂತು ಅನ್ನುತ್ತಾರೆ. ಒಂದು ಅನುಮಾನ ಮೇಷ್ಟ್ರೇ, ಅಷ್ಟು ಗಟ್ಟಿ ಅರಗಿನೊಳಗೆ ಅದು ಉಸಿರಾಡುವುದು ಹೇಗೆ?

ಮಾತ್ರೆಲೆಕ್ಕ: ಅರಗಿನಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಮುಚ್ಚಿಹೋಗದಂತೆ ಬಿಳಿ ಮೇಣದ ಎಳೆಗಳನ್ನು ಹುಳುವೇ ಹೊರಗೆ ಬಿಡುತ್ತದೆ. ಆಮೆಯದೂ ಅದೇ ಪಾಡು ಅಲ್ವಾ? ಕಡಲಲ್ಲೇ ಬದುಕಿದರೂ ಉಸಿರಿಗೆ ಮೇಲೆ ಬರಲೇಬೇಕು.

ಟೊಂಕದವಳು: ಬಿಳಿ, ಎಳೆ... 'ಳ' ತಾನಾಗಿ ಬಂತು ನೋಡಿ!

ಬಿಳಿಯೆಳೆಯ ಕಿಂಡಿಯಲಿ ಉಸಿರ ಹುಡುಕುವುದೊಂದು
ಒಳಗಿಂದ ಮೇಲೆದ್ದು ಬರುವುದೊಂದು

ಮೂರನೇ ಸಾಲು ಕೈಕೊಟ್ಟಿದೆ. ಒಲೆ ಮೇಲೆ ಸಾರಿದೆ, ಯಾರಾದರೂ ಮುಗಿಸಿ.