‘ಪಾಲಿಶ್’ ಒಂದೇ, ಅರ್ಥ ಮೂರು: ಗಿಟಾರ್ ದುರಸ್ತಿಯಲ್ಲಿ ಎದುರಾದ ಪದಗಳ ತೊಡಕು

ಪದಚರ್ಚೆಯ ಮಿತ್ರರಿಗೆ ನಮಸ್ಕಾರ.

ದಾವಣಗೆರೆಯ ನಮ್ಮ ಮನೆಯ ಅಟ್ಟದಲ್ಲಿ, ತಗಡಿನ ಚಾವಣಿಯ ಕಾವಿಗೆ ಮೈಯೊಡ್ಡಿ ಹನ್ನೆರಡು ಬೇಸಿಗೆ ಕಳೆದಿದ್ದ ಅಕೂಸ್ಟಿಕ್ ಗಿಟಾರೊಂದನ್ನು ಈಚೆಗೆ ಕೆಳಗಿಳಿಸಿದೆ. ಅದರ ಮೇಲ್ಹಲಗೆ ಉದ್ದಕ್ಕೆ ಸೀಳಿತ್ತು, ತಂತಿಗಳನ್ನು ಹಿಡಿದಿಡುವ ಮರದ ತುಂಡು ಹಿಂಬದಿಯಲ್ಲಿ ಉಗುರು ತೂರುವಷ್ಟು ಎದ್ದಿತ್ತು, ಮೈಮೇಲಿನ ಹೊಳಪು ಅಲ್ಲಲ್ಲಿ ಹೊಪ್ಪಳೆಯಂತೆ ಸುಲಿದಿತ್ತು. ನಾನು ಬಡಿಗನಲ್ಲ, ವಾದ್ಯ ಮಾಡುವವನೂ ಅಲ್ಲ. ಪರಿಚಯದ ಬಡಿಗರೊಬ್ಬರನ್ನೂ ಪಾಲಿಶ್ ಮೇಸ್ತ್ರಿಯೊಬ್ಬರನ್ನೂ ಕೇಳಿ ಕೇಳಿ, ಭಾನುವಾರಗಳನ್ನು ಕೂಡಿಸಿಕೊಂಡು ನಾಲ್ಕು ತಿಂಗಳಲ್ಲಿ ಅದನ್ನು ನುಡಿಯುವ ಸ್ಥಿತಿಗೆ ತಂದೆ. ಮಾಡಿದ್ದನ್ನೆಲ್ಲ ಅಕ್ಕನ ಮಗನಿಗಾಗಿ ಕನ್ನಡದಲ್ಲಿ ಬರೆದಿಡೋಣವೆಂದು ಕುಳಿತಾಗ, ಮರಕ್ಕಿಂತ ಪದಗಳೇ ಹೆಚ್ಚು ಕಾಡಿಸಿದವು. ಆ ತೊಡಕನ್ನು ತಮ್ಮ ಮುಂದಿಡುತ್ತಿದ್ದೇನೆ.

ಭಾಗಗಳ ಹೆಸರಿಗೆ ನಾನು ಹೆಚ್ಚು ಪರದಾಡಲಿಲ್ಲ. ವೀಣೆಯವರು ಬಳಸುವ ಬಿರಡೆ, ಮೇರು, ಮೆಟ್ಟಿಲು, ಕುದುರೆ ಎಂಬ ಮಾತುಗಳು ಗಿಟಾರಿಗೂ ಒಗ್ಗುತ್ತವೆ. ಕತ್ತಿನ ಭಾಗಕ್ಕೆ ಬಸವಣ್ಣನವರ ವಚನದ ‘ದಂಡಿಗೆ’ ಇಂದಿಗೂ ಒದಗಿಬರುತ್ತದೆ. ಬ್ರಿಡ್ಜ್ ಎನ್ನುವ ತುಂಡಿಗೆ ‘ಕುದುರೆ’ ಎಂದು ಬರೆದ ಮೇಲೆ, ಅದರ ಬೆನ್ನಿನ ಸಂದಿನಲ್ಲಿ ಕೂರುವ ಮೂಳೆಯ ಪಟ್ಟಿಗೆ ‘ಜೀನು’ ಎಂಬ ಹೆಸರು ತಾನಾಗಿಯೇ ಬಂದು ಕೂತಿತು. ಗಿಟಾರಿನ ಕುದುರೆಯನ್ನು ಮೇಲ್ಹಲಗೆಗೆ ಅಂಟಿಸಿರುತ್ತಾರೆ. ಆರು ಉಕ್ಕಿನ ತಂತಿಗಳು ಒಟ್ಟಾಗಿ ಸುಮಾರು 70 ಕಿಲೋ ತೂಕದಷ್ಟು ಬಿಗಿತದಿಂದ ಅದನ್ನು ದಂಡಿಗೆಯ ಕಡೆಗೆ ಜಗ್ಗುತ್ತಿರುವುದರಿಂದ, ಅಂಟು ಸೋತಾಗ ಹಿಂಬದಿಯ ಅಂಚೇ ಮೊದಲು ಬಿಡುತ್ತದೆ. ‘ಕುದುರೆ ಎದ್ದಿದೆ’ ಎಂದು ನಾನು ಹೇಳಿದಾಗ ಬಡಿಗರು ನಕ್ಕರು, ಆದರೆ ಏನಾಗಿದೆಯೆಂದು ಎರಡನೆಯ ಸಲ ಕೇಳಲಿಲ್ಲ. ಪದವೊಂದು ಸರಿಯಾಗಿದೆ ಎನ್ನುವುದಕ್ಕೆ ನನಗೆ ಇಷ್ಟು ಸಾಕು.

ಇಂಗ್ಲಿಷಿನವರು ‘ಕ್ರ್ಯಾಕ್’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ಕನ್ನಡದಲ್ಲಿ ಎರಡಾಗಿ ಒಡೆಯಬಹುದು, ಒಡೆಯಲೇಬೇಕು ಎಂದು ನನಗನ್ನಿಸುತ್ತದೆ. ಮರ ತನ್ನ ಎಳೆಗುಂಟ ಬಿಟ್ಟುಕೊಂಡರೆ ಅದು ‘ಸೀಳು’. ಮರ ಗಟ್ಟಿಯಾಗಿದ್ದು ಅದರ ಮೇಲಿನ ಹೊಳಪಿನ ಪದರ ಮಾತ್ರ ಒಡೆದಿದ್ದರೆ ಅದು ‘ಬಿರುಕು’. ನಮ್ಮ ಕಡೆ ಬೇಸಿಗೆಯಲ್ಲಿ ಎರೆ ಹೊಲ ಬಿರುಕು ಬಿಡುತ್ತದೆ, ಸೌದೆ ಸೀಳುತ್ತದೆ. ಯಾರೂ ಇದನ್ನು ಅದಲುಬದಲು ಮಾಡುವುದಿಲ್ಲ. ದುರಸ್ತಿ ಮಾಡುವವನಿಗೆ ಈ ಭೇದ ಬರಿಯ ಮಾತಿನ ಭೇದವಲ್ಲ. ಗಿಟಾರಿನ ಹೊಟ್ಟೆಯೊಳಗೆ ಸಣ್ಣ ದೀಪವಿಟ್ಟು ಕತ್ತಲೆಯಲ್ಲಿ ನೋಡಿದಾಗ ಗೆರೆಯಲ್ಲಿ ಬೆಳಕು ಕಂಡರೆ ಅದು ಆರಪಾರವಾದ ಸೀಳು. ಅದಕ್ಕೆ ಒಳಗಿನಿಂದ ಚಿಕ್ಕ ಚಿಕ್ಕ ಮರದ ಚೂರುಗಳನ್ನು, ಅವುಗಳ ಎಳೆ ಸೀಳಿಗೆ ಅಡ್ಡವಾಗುವಂತೆ ಅಂಟಿಸಬೇಕು. ಅದಕ್ಕೂ ಮೊದಲು, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜನ್ನಿಟ್ಟು ವಾದ್ಯದೊಳಗೆ ಹಲವು ದಿನ ಬಿಟ್ಟರೆ, ಒಣಗಿ ಕುಗ್ಗಿದ ಮರ ತೇವ ಹೀರಿಕೊಂಡು ಸೀಳು ತಾನೇ ಮುಚ್ಚಿಕೊಳ್ಳುತ್ತದೆ. ಗಾಳಿಯ ತೇವ ಶೇಕಡ 45ರಿಂದ 55ರ ಆಸುಪಾಸಿನಲ್ಲಿದ್ದರೆ ಗಿಟಾರು ಸುಖವಾಗಿರುತ್ತದೆ. ನಮ್ಮೂರಿನ ಏಪ್ರಿಲ್ ತಿಂಗಳಿಗೆ ಆ ಲೆಕ್ಕ ತಿಳಿಯದು. ಅಡ್ಡ ಚೂರುಗಳಿಗೆ ನಾನು ಮೊದಲು ‘ತೇಪೆ’ ಎಂದು ಬರೆದು ಆಮೇಲೆ ಹೊಡೆದುಹಾಕಿದೆ, ಏಕೆಂದರೆ ತೇಪೆ ತೂತನ್ನು ಮುಚ್ಚುತ್ತದೆ, ಇವು ಎರಡು ದಡಗಳನ್ನು ಬಿಗಿದು ಹಿಡಿಯುತ್ತವೆ. ಬಡಿಗರು ‘ಪಟ್ಟಿ’ ಎಂದರು. ಅದನ್ನೇ ಉಳಿಸಿಕೊಂಡಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹಳೆಯ ಮೇಲ್ಪದರವನ್ನು ತೆಗೆದು ಹೊಸದನ್ನು ಕೊಡುವ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಮೇಸ್ತ್ರಿಯವರ ಬಾಯಲ್ಲಿ ಎಲ್ಲವೂ ‘ಪಾಲಿಶ್’. ‘ಪಾಲಿಶ್ ಖಾಲಿಯಾಗಿದೆ’ ಎಂದರೆ ಬಾಟಲಿಯಲ್ಲಿರುವ ದ್ರವ. ‘ಪಾಲಿಶ್ ಮಾಡ್ಬೇಕು’ ಎಂದರೆ ಕೆಲಸ. ‘ಪಾಲಿಶ್ ಎದ್ದೋಗಿದೆ’ ಎಂದರೆ ಮರದ ಮೇಲೆ ಒಣಗಿ ಕೂತಿರುವ ಪದರ. ಎದುರಿಗೆ ನಿಂತು ಕೆಲಸ ಮಾಡುವವರಿಗೆ ಇದರಿಂದ ತೊಂದರೆಯಿಲ್ಲ, ಕೈ ತೋರಿಸಿದರೆ ಮುಗಿಯಿತು. ಬರೆಯುವವನಿಗೆ ಮಾತ್ರ ‘ಹಳೆಯ ಪಾಲಿಶಿನ ಮೇಲೆ ಪಾಲಿಶಿನಿಂದ ಪಾಲಿಶ್ ಮಾಡುವಾಗ’ ಎಂಬಂಥ ವಾಕ್ಯ ಬರೆಯುವ ಗತಿ ಬರುತ್ತದೆ.

ನಿಘಂಟುಗಳು ಕೊಡುವ ‘ಮೆರುಗೆಣ್ಣೆ’ ಒಳ್ಳೆಯ ಪದವೇ, ಆದರೆ ಅದು ಎಣ್ಣೆಯಲ್ಲಿ ಮಾಡಿದ ವಾರ್ನಿಶಿಗೆ ತಕ್ಕುದು. ನಾನು ಬಳಸಿದ್ದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಹಳೆಯ ಪಂಚೆಯ ಬಟ್ಟೆಯಲ್ಲಿ ಹತ್ತಿಯನ್ನಿಟ್ಟು ಗಂಟು ಕಟ್ಟಿ, ಅದನ್ನು ಅರಗಿನಲ್ಲಿ ಅದ್ದಿ ಮರದ ಮೇಲೆ ಸುತ್ತುಸುತ್ತಾಗಿ ಆಡಿಸಬೇಕು. ಗಂಟು ಅಂಟಿಕೊಳ್ಳದೆ ಜಾರಲೆಂದು ಹನಿ ಎಣ್ಣೆ ಮುಟ್ಟಿಸುತ್ತಾರೆಯೇ ಹೊರತು ಎಣ್ಣೆಗೆ ಇಲ್ಲಿ ಬೇರೆ ಪಾತ್ರವಿಲ್ಲ. ‘ಮೆರುಗು’ ಎಂದರೆ ಕೊನೆಯಲ್ಲಿ ಕಣ್ಣಿಗೆ ಕಾಣುವ ಗುಣ. ಅದು ಪದರದ ಹೆಸರಾಗಲಾರದು. ಹೊಳಪೇ ಇಲ್ಲದ ಮಂಕು ಪದರವನ್ನು ಬೇಕೆಂದೇ ಕೊಡುವವರೂ ಇದ್ದಾರಲ್ಲ.

ಕ್ರಿಯೆಗೆ ನನಗೆ ಹಿಡಿಸಿದ ಪದ ‘ಒಪ್ಪ’. ಹಳಗನ್ನಡದ ‘ಒಪ್ಪವಿಡು’ ಎಂಬುದಕ್ಕೆ ಉಜ್ಜಿ ಹೊಳಪು ಕೊಡುವುದು ಎಂಬ ಅರ್ಥ ನೇರವಾಗಿಯೇ ಇದೆ. ಆದರೆ ಇದರಲ್ಲೊಂದು ಗುಂಡಿಯಿದೆ, ಅದರಲ್ಲಿ ನಾನು ಬಿದ್ದೆ. ಹಿರಿಯೂರಿನಿಂದ ಬಂದಿದ್ದ ನಮ್ಮ ಸೋದರತ್ತೆಯವರಿಗೆ, ‘ಗಿಟಾರನ್ನು ಒಪ್ಪ ಮಾಡಿದೆ, ನೋಡಿ ಅತ್ತೆ’ ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, ‘ಒಪ್ಪ ಮಾಡಿದ್ಯಾ? ಅದೇನು ಸತ್ತೋಗಿತ್ತೇನಪ್ಪಾ?’ ಎಂದರು. ಅವರ ಕಡೆ ಹೆಣವನ್ನು ಮಣ್ಣು ಮಾಡುವುದಕ್ಕೆ ‘ಒಪ್ಪ ಮಾಡು’ ಎನ್ನುತ್ತಾರೆ. ಅಂದಿನಿಂದ ನನ್ನ ಟಿಪ್ಪಣಿಯಲ್ಲಿ ‘ಒಪ್ಪ ಹಾಕು’ ಎಂದು ತಿದ್ದಿಕೊಂಡಿದ್ದೇನೆ. ‘ಮಾಡು’ ಎಂಬ ಒಂದು ಕ್ರಿಯಾಪದದಿಂದ ಅರ್ಥ ಎಷ್ಟು ದೂರ ಹೋಗಿಬಿಡುತ್ತದೆ ಎಂಬುದು ಅಂದು ತಿಳಿಯಿತು.

ಅರಗಿನ ವಿಚಾರದಲ್ಲಿ ಇನ್ನೊಂದು ಸೊಗಸು ಕಂಡೆ. ಅರಗಿನ ಒಣಗಿದ ಪದರದ ಮೇಲೆ ಹೊಸ ಅರಗನ್ನು ಹಚ್ಚಿದರೆ, ಸ್ಪಿರಿಟ್ಟು ಹಳೆಯದನ್ನು ತುಸು ಕರಗಿಸಿ ಎರಡೂ ಒಂದಾಗುತ್ತವೆ. ಆದ್ದರಿಂದಲೇ ಮುಂದೆ ಎಂದಾದರೂ ಗೀರು ಬಿದ್ದರೆ ಅಷ್ಟಕ್ಕೇ ಹಚ್ಚಿದರೂ ಕಲೆ ಕಾಣುವುದಿಲ್ಲ. ಕಾರ್ಖಾನೆಯ ಪಾಲಿಯುರೆಥೇನ್ ಪದರಕ್ಕೆ ಈ ಗುಣವಿಲ್ಲ: ಮೇಲೆ ಏನು ಹಚ್ಚಿದರೂ ಬೇರೆಯಾಗಿಯೇ ನಿಲ್ಲುತ್ತದೆ. ನನ್ನ ಗಿಟಾರಿನ ಕಾಣದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ಟು ಬಿಟ್ಟು ಬೆರಳಿಟ್ಟು ನೋಡಿದೆ, ಜಿಗುಟಾಗಲಿಲ್ಲ. ಹಾಗಾಗಿ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕಾಯಿತು. (ಮೇಲ್ಹಲಗೆಯ ದಪ್ಪ ಮೂರು ಮಿಲಿಮೀಟರಿನಷ್ಟೇ ಇರುವುದರಿಂದ ಇಲ್ಲಿ ಉತ್ಸಾಹ ಒಳ್ಳೆಯದಲ್ಲ.) ಹೊಸ ಪದರ ಹಳೆಯದರಲ್ಲಿ ಹೀಗೆ ಕರಗಿ ಒಂದಾಗುವುದಕ್ಕೆ ‘ಅರಗುತ್ತದೆ’ ಎನ್ನಬಹುದಲ್ಲವೇ? ಉಂಡದ್ದು ಅರಗುತ್ತದೆ ಎನ್ನುವ ನಾವು, ‘ಅರಗು ಅರಗಿನಲ್ಲಿ ಅರಗುತ್ತದೆ, ಪಾಲಿಯುರೆಥೇನಿನಲ್ಲಿ ಅರಗುವುದಿಲ್ಲ’ ಎಂದರೆ ಕೇಳುವವರಿಗೆ ವಿಷಯ ಒಮ್ಮೆಗೇ ತಿಳಿಯುತ್ತದೆ. ಆ ನಾಮಪದಕ್ಕೂ ಈ ಕ್ರಿಯಾಪದಕ್ಕೂ ನಂಟು ಕಟ್ಟುವುದು ನನ್ನ ಉದ್ದೇಶವಲ್ಲ. ಬಳಕೆಯ ಅನುಕೂಲವಷ್ಟನ್ನೇ ಹೇಳುತ್ತಿದ್ದೇನೆ.

ಎಷ್ಟು ಸಲ ಹಚ್ಚಬೇಕು ಎಂಬ ಎಣಿಕೆಗೆ ಮೇಸ್ತ್ರಿಯವರು ‘ಕೈ’ ಎನ್ನುತ್ತಾರೆ: ‘ಇನ್ನೂ ಎರಡು ಕೈ ಹಾಕಿ, ಆಮೇಲೆ ಬಿಟ್ಬಿಡಿ’. ಇದನ್ನು ಹಾಗೆಯೇ ಬರಹಕ್ಕೆ ತೆಗೆದುಕೊಂಡಿದ್ದೇನೆ.

ಹೀಗೆ ದ್ರವಕ್ಕೆ ಅರಗು, ಕೆಲಸಕ್ಕೆ ಒಪ್ಪ ಹಾಕುವುದು, ಎಣಿಕೆಗೆ ಕೈ, ಕಾಣುವ ಗುಣಕ್ಕೆ ಮೆರುಗು ಎಂದು ಒದಗಿದರೂ, ಮರದ ಮೇಲೆ ಒಣಗಿ ನಿಂತ ಆ ಪದರಕ್ಕೆ ಮಾತ್ರ ಒಂದು ಹೆಸರು ಸಿಕ್ಕಿಲ್ಲ. ‘ಲೇಪ’ ಎಂದರೆ ಗಂಧದಂತೆ, ಮುಲಾಮಿನಂತೆ ಇನ್ನೂ ಹಸಿಯಾಗಿರುವುದು ಎಂದೇ ನನ್ನ ಕಿವಿಗೆ ಕೇಳುತ್ತದೆ. ‘ಪದರ’ ಎಂದರೆ ಯಾವುದರ ಪದರ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಕುದುರೆಯನ್ನು ಮತ್ತೆ ಅಂಟಿಸುವ ಜಾಗದಲ್ಲಿ ಇದನ್ನು ಪೂರ್ತಿ ತೆಗೆದು ಬರಿಯ ಮರವನ್ನು ಕಾಣಿಸಬೇಕು, ಏಕೆಂದರೆ ಅಂಟು ಹಿಡಿಯಬೇಕಾದದ್ದು ಮರವನ್ನು, ಇದನ್ನಲ್ಲ. ಆ ವಾಕ್ಯದಲ್ಲಿ ‘ಇದು’ ಎಂದು ನಾನು ಬರೆದ ಕಡೆಗೆಲ್ಲ ತಾವು ಯಾವ ಪದವನ್ನು ಇಡುವಿರಿ? ಚನ್ನಪಟ್ಟಣದ ಗೊಂಬೆ ಮಾಡುವವರೋ ವೀಣೆ ಮಾಡುವವರೋ ಒಣಗಿದ ಅರಗಿನ ಮೈಗೆ ಬೇರೆ ಹೆಸರಿಟ್ಟಿರುವುದನ್ನು ಕಿವಿಯಾರೆ ಕೇಳಿದವರಿದ್ದರೆ, ಅವರು ಆಡುವ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.