ಅಪ್‌ಡೇಟ್: ಅಪ್ಪನಿಗೆ ಹೊಸ ಮಾತ್ರೆ ಶುರುವಾಗಿ ಎರಡು ತಿಂಗಳು

ಅಪ್ಪನಿಗೆ ಐಪಿಎಫ್ ಇದೆ, ಅಂದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಅದಕ್ಕೆ ತೆಗೆದುಕೊಳ್ಳುತ್ತಿದ್ದ ಪಿರ್ಫೆನಿಡೋನ್ ಮಾತ್ರೆ ಬಿಟ್ಟು ನಿಂಟೆಡಾನಿಬ್ ಅನ್ನೋ ಮಾತ್ರೆ ಶುರು ಮಾಡಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಶುರು ಮಾಡಿದೆವು.

ಬದಲಾಯಿಸಲು ಮುಖ್ಯ ಕಾರಣ ಬಿಸಿಲು. ಪಿರ್ಫೆನಿಡೋನ್ ತೆಗೆದುಕೊಂಡರೆ ಚರ್ಮಕ್ಕೆ ಬಿಸಿಲು ತಡೆಯಲ್ಲ. ನಮ್ಮ ಕಲಬುರಗಿಯಲ್ಲಿ ಬಿಸಿಲು ತಪ್ಪಿಸಿಕೊಂಡು ಬದುಕೋದು ಹೇಗೆ ಹೇಳಿ! ಕೈ, ಕತ್ತು ಎಲ್ಲಾ ಕೆಂಪಾಗಿ ಉರಿಯುತ್ತಿತ್ತು.

ನಿಂಟೆಡಾನಿಬ್ ಶುರುವಿಗೆ 150 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಊಟದ ಜೊತೆಗೇ. ಮೊದಲ ಎರಡು ವಾರ ಭೇದಿಯಿಂದ ಅಪ್ಪ ಸುಸ್ತಾಗಿಬಿಟ್ಟರು. ಇದು ಈ ಮಾತ್ರೆಯ ಮಾಮೂಲಿ ಕಾಟವಂತೆ. "ರೊಟ್ಟಿ, ಖಾರದ ಚಟ್ನಿ ಬಿಟ್ಟು ಮಾತ್ರೆ ನುಂಗು ಅಂದ್ರೆ ಹ್ಯಾಂಗ?" ಅಂತ ಸಿಟ್ಟು ಬೇರೆ. ಮೊಸರನ್ನ, ಹೆಸರಬೇಳೆ ಕಟ್ಟು, ಜೊತೆಗೆ ಭೇದಿ ನಿಲ್ಲೋಕೆ ಡಾಕ್ಟರ್ ಕೊಟ್ಟ ಲೋಪೆರಮೈಡ್. ಆಮೇಲೆ ಡೋಸ್ 100ಕ್ಕೆ ಇಳಿಸಿದರು, ಹೊಟ್ಟೆ ಸುಧಾರಿಸಿತು. ರೊಟ್ಟಿ ವಾಪಸ್ ಬಂತು. ಚಟ್ನಿ ಇನ್ನೂ ಇಲ್ಲ, ಪಾಪ.

ಲಿವರ್ ಪರೀಕ್ಷೆ ತಿಂಗಳಿಗೊಮ್ಮೆ. ಎರಡೂ ಸಲ ಸರಿಯಿತ್ತು.

2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಇದೇ ಕಾಯಿಲೆಯ ಇನ್ನೊಂದು ಮಾತ್ರೆ ನೆರಾಂಡೊಮಿಲಾಸ್ಟ್ ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿದೆ. "ಮೊದಲು ಇದು ಒಗ್ಗಲಿ, ಆಮೇಲೆ ನೋಡೋಣ" ಅಂದರು.

ಕೆಮ್ಮು ಕಡಿಮೆಯಾಯ್ತಾ ಅಂತ ಕೆಲವರು ಕೇಳಿದ್ದಿರಿ. ಇಲ್ಲ. ಈ ಮಾತ್ರೆ ಕಾಯಿಲೆಯ ಓಟ ನಿಧಾನ ಮಾಡುತ್ತೆ ಅಷ್ಟೇ, ಹಾಳಾದದ್ದನ್ನು ಸರಿ ಮಾಡಲ್ಲ. ಅಪ್ಪ ಮಾತ್ರ ಬೆಳಗ್ಗೆ ನಮ್ಮೂರಿನ 'ಅಪ್ಪನ ಕೆರೆ' ಹತ್ತಿರ ನಿಧಾನವಾಗಿ ನಡೆಯುತ್ತಿದ್ದಾರೆ, ಜೇಬಲ್ಲಿ ಆಕ್ಸಿಮೀಟರ್ ಇಟ್ಟುಕೊಂಡು. ಮುಂದಿನ ತಿಂಗಳು ಉಸಿರಿನ ಪರೀಕ್ಷೆ ಇದೆ.