ಬ್ಯಾಟರಿ ಇಲ್ಲದ ಕ್ಯಾಮೆರಾ ಕ್ಯಾಪ್ಸೂಲ್ ಬರುವವರೆಗೆ ಕಾಯಬೇಕಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 61 ವರ್ಷ. ಒಂದು ವರ್ಷದಿಂದ ಹಿಮೋಗ್ಲೋಬಿನ್ 7ಕ್ಕೆ ಇಳಿಯೋದು, ರಕ್ತ ಹಾಕಿಸೋದು, ಮತ್ತೆ ಇಳಿಯೋದು, ಇದೇ ಆಗಿದೆ. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡರಲ್ಲೂ ಏನೂ ಸಿಗಲಿಲ್ಲ. ಈಗ ಕ್ಯಾಮೆರಾ ಕ್ಯಾಪ್ಸೂಲ್ ನುಂಗಿಸೋಣ ಅಂದಿದ್ದಾರೆ. ಹೊಟ್ಟೆಯೊಳಗೆ ಬ್ಯಾಟರಿ ಅಂದ್ರೆ ಅಮ್ಮನಿಗೆ ಭಯ. ಜಪಾನಿನಲ್ಲಿ ಬ್ಯಾಟರಿಯೇ ಇಲ್ಲದ, ಹೊರಗಿನಿಂದ ಕರೆಂಟ್ ಕೊಡುವ ಕ್ಯಾಪ್ಸೂಲ್ ಇದೆ ಅಂತ ನನ್ನ ತಮ್ಮ ವಿಡಿಯೊ ಕಳಿಸಿದ್ದಾನೆ. ಅದಕ್ಕೆ ಕಾಯೋಣವಾ?

ಉತ್ತರ: ಕಾಯಬೇಡಿ. ನಿಮ್ಮ ತಮ್ಮ ಕಳಿಸಿದ್ದು ಬಹುಶಃ ಜಪಾನಿನ ನಾಗಾನೊದ ಆರ್‌ಎಫ್ ಸಿಸ್ಟಂ ಲ್ಯಾಬ್ ಅನ್ನೋ ಕಂಪನಿಯವರ ನೋರಿಕಾ ಅಥವಾ ಸಯಾಕ ಕ್ಯಾಪ್ಸೂಲ್‌ನದ್ದು ಇರಬೇಕು. ಅದು ಹೊಸದೇನಲ್ಲ, 2000ರ ದಶಕದ್ದು. ರೋಗಿ ಹಾಕಿಕೊಂಡ ಜಾಕೆಟ್‌ನಲ್ಲಿ ಒಂದು ಕಾಯಿಲ್ (ತಂತಿಯ ಸುರುಳಿ), ಕ್ಯಾಪ್ಸೂಲ್ ಒಳಗೆ ಇನ್ನೊಂದು, ವೈರ್‌ಲೆಸ್ ಚಾರ್ಜರ್ ಮೇಲೆ ಫೋನ್ ಇಟ್ಟ ಹಾಗೆ. ಆದರೆ ಫೋನ್ ಅಲ್ಲಾಡದೆ ಮಲಗಿರುತ್ತದೆ, ಕ್ಯಾಪ್ಸೂಲ್ ಕರುಳಿನಲ್ಲಿ ಉರುಳುತ್ತಾ ಹೋಗುತ್ತದೆ. ಒಳಗಿನ ಕಾಯಿಲ್ ಅಡ್ಡ ತಿರುಗಿತು ಅಂದ್ರೆ ಕರೆಂಟ್ ಬಹುತೇಕ ನಿಂತೇಹೋಗುತ್ತದೆ. ಅದಕ್ಕೇ ಸಂಶೋಧಕರು ಮೂರು ದಿಕ್ಕಿಗೆ ಮೂರು ಕಾಯಿಲ್ ಸುತ್ತಿ ನೋಡುತ್ತಾರೆ. ಹೊರಗಿನಿಂದ ಜಾಸ್ತಿ ಪವರ್ ಕೊಟ್ಟರೆ ಮೈ ಬಿಸಿಯಾಗುತ್ತದೆ, ಅದಕ್ಕೂ ಮಿತಿ ಇದೆ. ಹಾಗಾಗಿ ಆಸ್ಪತ್ರೆಗಳಲ್ಲಿ ಇವತ್ತಿಗೂ ಬ್ಯಾಟರಿಯದ್ದೇ ನಡೆಯುತ್ತಿದೆ.

ಇನ್ನೊಂದು ಮಾತು. ಬ್ಯಾಟರಿ ತೆಗೆಯಬೇಕು ಅಂತ ಹೊರಟಿದ್ದು ಅದು ಅಪಾಯ ಅಂತಲ್ಲ, ಬೇಗ ಖಾಲಿಯಾಗುತ್ತದೆ, ಜಾಗ ತಿನ್ನುತ್ತದೆ ಅಂತ. ಒಳಗಿರೋದು ವಾಚಿನ ಸೆಲ್ ಥರದ್ದು, ಪೂರ್ತಿ ಸೀಲ್ ಆಗಿರುತ್ತದೆ. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮೊದಲ ಕ್ಯಾಪ್ಸೂಲ್ 26 ಮಿ.ಮೀ. ಉದ್ದ, 11 ಮಿ.ಮೀ. ದಪ್ಪ ಇತ್ತು. ಸೆಕೆಂಡಿಗೆ 2 ಫೋಟೊದಂತೆ 8 ಗಂಟೆಗೆ 50 ಸಾವಿರ ದಾಟುತ್ತಿತ್ತು. (ಅದನ್ನು ಕೂತು ನೋಡುವವರು ನಾವು, ನಮ್ಮ ಕಣ್ಣಿನ ಗತಿ ಕೇಳಬೇಡಿ!)

ಪ್ರಶ್ನೆ: ಒಳಗೇ ಸಿಕ್ಕಿಹಾಕಿಕೊಂಡರೆ?

ಉತ್ತರ: ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ನೂರಕ್ಕೆ ಒಬ್ಬಿಬ್ಬರಿಗೆ ಹಾಗಾಗುತ್ತದೆ, ಕರುಳು ಎಲ್ಲಾದರೂ ಕಿರಿದಾಗಿದ್ದರೆ. ಅಮ್ಮನಿಗೆ ಹೊಟ್ಟೆ ಆಪರೇಷನ್ ಆಗಿದೆಯಾ? ನೋವಿನ ಮಾತ್ರೆ ತುಂಬಾ ದಿನದಿಂದ ತಗೋತಾರಾ?

ಪ್ರಶ್ನೆ: ಆಪರೇಷನ್ ಇಲ್ಲ. ಮಂಡಿ ನೋವಿಗೆ ಮೆಡಿಕಲ್ ಶಾಪಿಂದ ಮಾತ್ರೆ ತರಿಸಿ ನುಂಗುತ್ತಾರೆ, ಹತ್ತು ವರ್ಷ ಆಯ್ತು. ಅದನ್ನು ಡಾಕ್ಟರಿಗೆ ಹೇಳಿಲ್ಲ, ಮಂಡಿದು ಬೇರೆ ಅಲ್ವಾ ಅಂತ.

ಉತ್ತರ: ಬೇರೆ ಅಲ್ಲ! ಆ ಮಾತ್ರೆಗಳಿಂದಲೇ ಸಣ್ಣ ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕೆಲವರಿಗೆ ಕರುಳು ಕಿರಿದೂ ಆಗುತ್ತದೆ. ಇವತ್ತೇ ಅಮ್ಮನ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆಯ ಹೆಸರು ಹೇಳಿ. ಬೇಕಿದ್ದರೆ ಮೊದಲು ಕ್ಯಾಮೆರಾ ಇಲ್ಲದ, ಸಿಕ್ಕಿಕೊಂಡರೂ ತಾನೇ ಕರಗುವ ಕ್ಯಾಪ್ಸೂಲ್ ನುಂಗಿಸಿ ದಾರಿ ನೋಡುತ್ತಾರೆ. ಕಬ್ಬಿಣದ ಮಾತ್ರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತಲೂ ಕೇಳಿ, ಅದರ ಕಪ್ಪು ಚಿತ್ರಕ್ಕೆ ಅಡ್ಡ ಬರುತ್ತದೆ. ಕ್ಯಾಪ್ಸೂಲ್ ಹೊರಗೆ ಬರುವವರೆಗೆ ಎಂಆರ್‌ಐ ಮಾತ್ರ ಬೇಡ.

ಪ್ರಶ್ನೆ: ಆಯ್ತು ಸರ್, ಈಗಲೇ ಮಾಡುತ್ತೇನೆ. ಅದನ್ನು ತೊಳೆದು ವಾಪಸ್ ಕೊಡಬೇಕಾ ಅಂತ ಅಮ್ಮ ಕೇಳುತ್ತಿದ್ದಾರೆ.

ಉತ್ತರ: ಹಹ್ಹ, ಬೇಡ, ಫೋಟೊ ಬಂದು ಸೇರುವ, ಸೊಂಟಕ್ಕೆ ಕಟ್ಟಿದ ರೆಕಾರ್ಡರ್ ಕೊಟ್ಟರೆ ಸಾಕು. ಫೋಟೊ ತನ್ನೊಳಗೇ ಇಟ್ಟುಕೊಳ್ಳುವ ಜಾತಿಯೂ ಒಂದಿದೆ, ಅದಾದರೆ ಮಾತ್ರ ಹುಡುಕಿ ತರಬೇಕು. ಯಾವುದು ಅಂತ ಮೊದಲೇ ಕೇಳಿಕೊಳ್ಳಿ.